ಮೊದಲ ಹಾಲು ಮತ್ತು ಕರುಳಿನ ಗೋಡೆ: ಒಂದು ಕೆಂಪು ಪ್ರೋಟೀನಿನ ಇತಿಹಾಸ



ನಮ್ಮ ಸಂಪಗಾಂವ ಸೀಮೆಯ ಯಾವುದೇ ಹಳ್ಳಿಯಲ್ಲಿ ಎಮ್ಮೆ ಈದ ಸುದ್ದಿಯನ್ನು ಡಂಗುರ ಸಾರಿ ಹೇಳಬೇಕಾಗಿಲ್ಲ. ಒಂದೆರಡು ದಿನದೊಳಗೆ ಗಿಣ್ಣದ ಪಾತ್ರೆ ಓಣಿಯಲ್ಲಿ ಮನೆಯಿಂದ ಮನೆಗೆ ಹೋಗುತ್ತದೆ. ಗೌಡರ ಮನೆಯಿಂದ ಮುಲ್ಲಾ ಅವರ ಮನೆಗೆ, ಅಲ್ಲಿಂದ ಬಡಿಗೇರರ ಮನೆಗೆ. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ ಆ ಗಿಣ್ಣಕ್ಕೆ ಮರಾಠಿಯಲ್ಲಿ ಖರವಸ ಎನ್ನುತ್ತಾರೆ, ಉರ್ದುವಿನಲ್ಲಿ ಪಿಯೋಸಿ ಎನ್ನುತ್ತಾರೆ. ಹೆಸರು ಬೇರೆಯಾದರೂ ಬಾಯಿ ನೀರೂರುವುದು ಎಲ್ಲರಿಗೂ ಒಂದೇ.

ಆದರೆ ಇದೇ ಓಣಿಯಲ್ಲಿ ಹೆರಿಗೆಯಾದಾಗ ನಡೆಯುತ್ತಿದ್ದುದು ಬೇರೆ. ಬಾಣಂತಿಯ ಮೊದಲ ಹಾಲು ಹಳದಿಯಾಗಿದೆ, ಅಂಟಂಟಾಗಿದೆ, ಒಂಬತ್ತು ತಿಂಗಳು ಎದೆಯಲ್ಲಿ ನಿಂತು ಕೆಟ್ಟಿದೆ ಎಂದು ಹೇಳಿ ಅದನ್ನು ಹಿಂಡಿ ಚೆಲ್ಲುತ್ತಿದ್ದರು. ಕೂಸಿಗೆ ಜೇನು, ಘುಟ್ಟಿ, ಹರಳೆಣ್ಣೆ, ಸಕ್ಕರೆ ನೀರು. ಮೂರು ದಿನ ಕಳೆದ ಮೇಲೆ ಎದೆಹಾಲು. ಈ ರೂಢಿ ಈಗ ಬಹಳ ಕಡಿಮೆಯಾಗಿದ್ದರೂ ಪೂರ್ತಿ ಹೋಗಿಲ್ಲ. ಎಮ್ಮೆಯ ಮೊದಲ ಹಾಲನ್ನು ಹಂಚಿ ತಿನ್ನುವ ನಾವು ತಾಯಿಯ ಮೊದಲ ಹಾಲನ್ನು ಏಕೆ ಚೆಲ್ಲಿದೆವು? ಆ ಹಾಲಿನಲ್ಲಿ ಏನಿದೆ, ಅದು ಕೂಸಿನ ಕರುಳಿನಲ್ಲಿ ಏನು ಮಾಡುತ್ತದೆ ಎಂಬುದು ಯಾವಾಗ, ಯಾರಿಂದ ತಿಳಿಯಿತು? ಈ ಎರಡು ಪ್ರಶ್ನೆಗಳ ಇತಿಹಾಸವನ್ನು ನಿಮ್ಮ ಮುಂದೆ ಇಡುವ ಪ್ರಯತ್ನ ಇದು.

ಮೊದಲಿಗೆ ಒಂದು ಮಾತು ಸ್ಪಷ್ಟವಾಗಬೇಕು. ಈ ರೂಢಿಯನ್ನು ಹಳ್ಳಿಯ ಅಜ್ಞಾನ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಇದು ದೊಡ್ಡ ದೊಡ್ಡ ಗ್ರಂಥಗಳಿಂದ ಇಳಿದು ಬಂದದ್ದು. ತಾಯಿಯ ಎದೆಯಲ್ಲಿ ಹಾಲು ಬರುವುದು ಮೂರನೆಯ ಅಥವಾ ನಾಲ್ಕನೆಯ ದಿನ, ಅಲ್ಲಿಯವರೆಗೆ ಶಿಶುವಿಗೆ ಜೇನು ತುಪ್ಪಗಳನ್ನು ಕೊಡಬೇಕು ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಎರಡನೆಯ ಶತಮಾನದಲ್ಲಿ ರೋಮಿನಲ್ಲಿದ್ದ ಗ್ರೀಕ್ ವೈದ್ಯ ಸೊರಾನಸ್ ಕೂಡ ಮೊದಲ ದಿನಗಳ ತಾಯಿಹಾಲು ಜೀರ್ಣಕ್ಕೆ ಕಷ್ಟ, ಜೇನು ಕೊಡಿ ಎಂದನು. ನಾವೆಲ್ಲ ಹೆಮ್ಮೆಯಿಂದ ಹೆಸರು ಹೇಳುವ ಇಬ್ನ್ ಸೀನಾ (ನಿಧನ 1037) ತಮ್ಮ ‘ಅಲ್-ಖಾನೂನ್’ ಗ್ರಂಥದಲ್ಲಿ ತಾಯಿಯ ಹಾಲೇ ಕೂಸಿಗೆ ಶ್ರೇಷ್ಠ, ಹಾಲುಣಿಸುವ ಸಹಜ ಅವಧಿ ಎರಡು ವರ್ಷ ಎಂದು ಬರೆದರು. ಅದೇ ಅಧ್ಯಾಯದಲ್ಲಿ, ತಾಯಿಯ ಮಿಜಾಜ್ ಸಮಸ್ಥಿತಿಗೆ ಬರುವವರೆಗೆ ಆರಂಭದಲ್ಲಿ ಬೇರೆ ಹೆಂಗಸು ಹಾಲುಣಿಸುವುದು ಮೇಲು, ಮೊದಲು ಸ್ವಲ್ಪ ಜೇನು ನೆಕ್ಕಿಸುವುದು ಒಳ್ಳೆಯದು ಎಂದೂ ಬರೆದರು.

ಇಂಥ ಮಾತುಗಳು ನಮ್ಮ ಸೀಮೆಗೆ ಬರಲು ದಾರಿಯೂ ಇತ್ತು. ಬೆಳಗಾವಿ ಪ್ರದೇಶ ಬಿಜಾಪುರದ ಆದಿಲಶಾಹಿಗಳ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಯುನಾನಿ ಹಕೀಮರಿಗೂ ಇಲ್ಲಿಯ ವೈದ್ಯರಿಗೂ ಕೊಡುಕೊಳೆ ಇತ್ತು. ಬಿಜಾಪುರದ ಪ್ರಸಿದ್ಧ ಇತಿಹಾಸಕಾರ ಫಿರಿಶ್ತಾ ಭಾರತೀಯ ವೈದ್ಯವನ್ನು ಕುರಿತು ಪಾರ್ಸಿಯಲ್ಲಿ ‘ದಸ್ತೂರ್-ಉಲ್-ಅತಿಬ್ಬಾ’ ಎಂಬ ಗ್ರಂಥ ಬರೆದದ್ದೇ ಇದಕ್ಕೆ ಸಾಕ್ಷಿ. ಮುಂದೆ ಬ್ರಿಟಿಷರು ಮುಂಬಯಿ ಪ್ರಾಂತ್ಯದ ಗೆಜೆಟಿಯರುಗಳನ್ನು ಪ್ರಕಟಿಸಿದರು. ಬೆಳಗಾವಿ ಜಿಲ್ಲೆಯ ಸಂಪುಟ 1884ರದು. ಅದರಲ್ಲಿ ಸಂಪಗಾಂವ ಒಂದು ತಾಲೂಕು. (ತಾಲೂಕಿನ ಹೆಸರು ಸಂಪಗಾಂವ, ಕಚೇರಿ ಮಾತ್ರ ಬೈಲಹೊಂಗಲದಲ್ಲಿ! ನಮ್ಮ ಊರಿಗೆ ಸಿಕ್ಕಿದ್ದು ಹೆಸರಷ್ಟೇ.) ಆ ಮಾಲಿಕೆಯ ಸಂಪುಟಗಳಲ್ಲಿ ಹಲವು ಜಾತಿ ಸಮುದಾಯಗಳ ಹೆರಿಗೆಯ ವಿಧಿಗಳನ್ನು ಬರೆದಿದ್ದಾರೆ. ಮೊದಲ ಮೂರು ದಿನ ಜೇನು ಅಥವಾ ಹರಳೆಣ್ಣೆ, ನಾಲ್ಕನೆಯ ದಿನದಿಂದ ತಾಯಿಹಾಲು ಎಂಬ ಮಾತು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಎಂದರೆ ಈ ವಿಷಯದಲ್ಲಿ ಹಿಂದೂ ಮುಸ್ಲಿಂ ಎಂಬ ಭೇದವಿರಲಿಲ್ಲ. ತಪ್ಪು ಕೂಡ ನಮ್ಮಲ್ಲಿ ಸೌಹಾರ್ದದಿಂದಲೇ ನಡೆದಿತ್ತು.

ಯುರೋಪಿನಲ್ಲಿ ಗಾಳಿ ಬದಲಾದದ್ದು 1748ರ ಸುಮಾರಿಗೆ. ವಿಲಿಯಂ ಕ್ಯಾಡೊಗನ್ ಎಂಬ ಇಂಗ್ಲಿಷ್ ವೈದ್ಯರು, ಹುಟ್ಟಿದ ಕೂಸಿಗೆ ಬೇರೇನನ್ನೂ ತಿನ್ನಿಸದೆ ತಾಯಿಯ ಎದೆಗೆ ಹಚ್ಚಿ ಎಂದು ಪುಸ್ತಿಕೆ ಬರೆದರು. ಅವರ ಬಳಿ ಅನುಭವವಿತ್ತು, ಕಾರಣದ ವಿವರಣೆ ಇರಲಿಲ್ಲ. ಕಾರಣದ ಮೊದಲ ಎಳೆ ಸಿಕ್ಕಿದ್ದು 1890ರ ದಶಕದ ಆರಂಭದಲ್ಲಿ. ಜರ್ಮನಿಯ ಪಾಲ್ ಎರ್ಲಿಕ್ ಇಲಿಮರಿಗಳನ್ನು ಅದಲುಬದಲು ಮಾಡಿ ಬೇರೆ ತಾಯಿಗಳ ಹಾಲು ಕುಡಿಸಿದರು; ರೋಗನಿರೋಧಕ ಶಕ್ತಿ ಹಾಲಿನ ಮೂಲಕವೂ ಮರಿಗೆ ದಾಟುತ್ತದೆ ಎಂದು ತೋರಿಸಿದರು. ಹಾಲು ಹೊಟ್ಟೆ ತುಂಬಿಸುವ ಪದಾರ್ಥ ಮಾತ್ರ ಎಂಬ ನಂಬಿಕೆ ಅಲ್ಲಿಂದ ಸಡಿಲವಾಯಿತು.

ಈಗ ನಮ್ಮ ಕಥಾನಾಯಕನ ಪ್ರವೇಶ. ಹಾಲು ಒಡೆದಾಗ ಕೆಳಗೆ ಉಳಿಯುವ ತಿಳಿನೀರು ನಿಮಗೆ ಗೊತ್ತು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ಸೊರೆನ್ಸೆನ್ ದಂಪತಿ ಈ ತಿಳಿನೀರಿನಲ್ಲಿರುವ ಪ್ರೋಟೀನುಗಳನ್ನು ಬೇರ್ಪಡಿಸುತ್ತಿದ್ದರು. ವಿಜ್ಞಾನದ ವಿದ್ಯಾರ್ಥಿಗಳು ಓದುವ ಪಿ.ಎಚ್. ಮಾಪನವನ್ನು 1909ರಲ್ಲಿ ಜಗತ್ತಿಗೆ ಕೊಟ್ಟವರು ಇದೇ ಸೊರೆನ್ಸೆನ್. 1939ರಲ್ಲಿ ಪ್ರಕಟವಾದ ಅವರ ಬರಹದಲ್ಲಿ ಹಸುವಿನ ಹಾಲಿನ ಒಂದು ಕೆಂಪು ಪ್ರೋಟೀನಿನ ಪ್ರಸ್ತಾಪವಿದೆ. ಬಿಳಿ ಹಾಲಿನಲ್ಲಿ ಕೆಂಪು ಪದಾರ್ಥ! ಆ ಬಣ್ಣ ಎಲ್ಲಿಂದ ಬಂತು ಎಂಬುದು ಸುಮಾರು ಇಪ್ಪತ್ತು ವರ್ಷ ಬಗೆಹರಿಯಲಿಲ್ಲ. 1960ರಲ್ಲಿ ಸ್ವೀಡನ್, ಫ್ರಾನ್ಸ್, ಅಮೆರಿಕ ಈ ಮೂರು ದೇಶಗಳ ಸಂಶೋಧಕರು ಬೇರೆಬೇರೆಯಾಗಿ ಅದನ್ನು ಶುದ್ಧರೂಪದಲ್ಲಿ ತೆಗೆದರು. ಕೆಂಪು ಬಣ್ಣಕ್ಕೆ ಕಾರಣ ಕಬ್ಬಿಣ. ಒಂದೊಂದು ಅಣು ಎರಡೆರಡು ಕಬ್ಬಿಣದ ಕಣಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಹಾಲಿಗೆ ‘ಲ್ಯಾಕ್’, ಕಬ್ಬಿಣಕ್ಕೆ ‘ಫೆರಮ್’. ಹೀಗಾಗಿ ಲ್ಯಾಕ್ಟೊಫೆರಿನ್ ಎಂಬ ಹೆಸರು. 1987ರಲ್ಲಿ ನ್ಯೂಜಿಲೆಂಡಿನ ಎಡ್ವರ್ಡ್ ಬೇಕರ್ ಮತ್ತು ಸಂಗಡಿಗರು ಇದರ ಆಕಾರವನ್ನೇ ಬಿಡಿಸಿ ತೋರಿಸಿದರು. ಎರಡು ಹಾಲೆಗಳು, ಪ್ರತಿ ಹಾಲೆಯಲ್ಲಿ ಒಂದು ಸೀಳು, ಆ ಸೀಳಿನಲ್ಲಿ ಒಂದು ಕಬ್ಬಿಣದ ಕಣ. ಅಡಕತ್ತರಿಯ ಬಾಯಲ್ಲಿ ಅಡಿಕೆ ಸಿಕ್ಕಿದಂತೆ ಎಂದು ಊಹಿಸಿಕೊಳ್ಳಿ.

ಹಾಲಿನಲ್ಲಿ ಕಬ್ಬಿಣ ಹಿಡಿಯುವ ಕೆಲಸವಾದರೂ ಏನು? ಕೂಸಿಗೆ ಕಬ್ಬಿಣ ಮುಟ್ಟಿಸಲು ಎಂದು ಮೊದಲು ತಿಳಿದರು. 1972ರಲ್ಲಿ ಲಂಡನ್ನಿನ ಬುಲೆನ್ ಮತ್ತು ಸಂಗಡಿಗರು ಇನ್ನೊಂದು ಮುಖ ತೋರಿಸಿದರು. ವಾಂತಿಭೇದಿ ತರುವ ಇ. ಕೋಲೈ ರೋಗಾಣು ಬೆಳೆಯಲು ಕಬ್ಬಿಣ ಬೇಕೇ ಬೇಕು. ತಾಯಿಹಾಲಿನ ಲ್ಯಾಕ್ಟೊಫೆರಿನ್ ಇರುವ ಕಬ್ಬಿಣವನ್ನೆಲ್ಲ ತಾನೇ ಹಿಡಿದಿಟ್ಟುಕೊಂಡರೆ ರೋಗಾಣುವಿಗೆ ಉಪವಾಸ. ಅದೇ ಹಾಲಿಗೆ ಹೊರಗಿನಿಂದ ಕಬ್ಬಿಣ ಬೆರೆಸಿದಾಗ ರೋಗಾಣು ಮತ್ತೆ ಬೆಳೆಯಿತು. ಅಷ್ಟೇ ಅಲ್ಲ, 1992ರಲ್ಲಿ ಜಪಾನಿನ ಸಂಶೋಧಕರು ಮತ್ತೊಂದು ಸಂಗತಿ ಕಂಡರು. ಹೊಟ್ಟೆಯ ಪೆಪ್ಸಿನ್ ಎಂಬ ಜೀರ್ಣರಸ ಈ ಪ್ರೋಟೀನನ್ನು ಕತ್ತರಿಸಿದಾಗ ಸಿಗುವ ಒಂದು ತುಣುಕು ರೋಗಾಣುಗಳನ್ನು ನೇರವಾಗಿ ಕೊಲ್ಲುತ್ತದೆ. ಇಡಿಯಾಗಿದ್ದರೆ ಹಸಿವಿನಿಂದ ಸಾಯಿಸುತ್ತದೆ, ತುಂಡಾದರೆ ಹೊಡೆದು ಸಾಯಿಸುತ್ತದೆ.

ಇಲ್ಲಿಯವರೆಗಿನದು ಕಾವಲುಗಾರನ ಕೆಲಸ. ನನಗೆ ಇದಕ್ಕಿಂತ ಬೆರಗು ಹುಟ್ಟಿಸುವುದು ಅದರ ಎರಡನೆಯ ಕೆಲಸ, ಅಂದರೆ ಕರುಳಿನ ಜೀವಕೋಶಗಳ ಜೊತೆ ಅದು ನಡೆಸುವ ವ್ಯವಹಾರ. ಅದನ್ನು ತಿಳಿಯಲು ಕರುಳಿನ ಒಳಗೋಡೆಯ ಪರಿಚಯ ಸ್ವಲ್ಪ ಬೇಕು. ಸಣ್ಣಕರುಳಿನ ಒಳಭಾಗ ನುಣುಪಾಗಿಲ್ಲ. ಮಖಮಲ್ ಬಟ್ಟೆಯಂತೆ ಲಕ್ಷಾಂತರ ಸಣ್ಣ ಸಣ್ಣ ಎಳೆಗಳು ಅಲ್ಲಿ ನಿಂತಿವೆ. ಎಳೆಗಳ ಬುಡದಲ್ಲಿ ತಗ್ಗುಗಳಿವೆ. ಹೊಸ ಜೀವಕೋಶಗಳು ಹುಟ್ಟುವುದು ಆ ತಗ್ಗುಗಳಲ್ಲಿ. ಹುಟ್ಟಿದ ಕೋಶ ಮೆಲ್ಲಗೆ ಮೇಲಕ್ಕೆ ಏರುತ್ತಾ ದಾರಿಯಲ್ಲೇ ಕಸುಬು ಕಲಿಯುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಮುಂತಾದ ಕಿಣ್ವಗಳನ್ನು ತಯಾರಿಸಲು ತೊಡಗುತ್ತದೆ. ಮೂರರಿಂದ ಐದು ದಿನಗಳಲ್ಲಿ ತುದಿ ಮುಟ್ಟಿ ಉದುರಿ ಹೋಗುತ್ತದೆ. ಕೆಳಗಿನಿಂದ ಮತ್ತೊಂದು ಬರುತ್ತದೆ. ಆದ್ದರಿಂದ ಕರುಳಿನ ಕೋಶದ ಮುಂದೆ ಯಾವಾಗಲೂ ಎರಡು ದಾರಿಗಳಿರುತ್ತವೆ: ಇನ್ನೂ ಒಡೆದು ಸಂಖ್ಯೆ ಹೆಚ್ಚಿಸುವುದು ಒಂದು, ಹೆಚ್ಚುವುದನ್ನು ನಿಲ್ಲಿಸಿ ಕಸುಬಿಗೆ ಇಳಿಯುವುದು ಇನ್ನೊಂದು. ಎರಡೂ ಒಟ್ಟಿಗೆ ಸಾಧ್ಯವಿಲ್ಲ. ಶಾಲೆಯಲ್ಲಿ ಇರುವ ಹುಡುಗ ಅದೇ ಹೊತ್ತಿಗೆ ಮಗ್ಗದ ಮೇಲೂ ಕೂರಲಾರನಲ್ಲವೇ?

ಹುಟ್ಟಿದ ಮೊದಲ ದಿನಗಳಲ್ಲಿ ಈ ಗೋಡೆ ಎಷ್ಟು ವೇಗವಾಗಿ ಬೆಳೆಯುತ್ತದೆ ಎಂಬುದನ್ನು ಇಂಗ್ಲೆಂಡಿನ ಎಲ್ಸಿ ವಿಡೊಸನ್ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದರು. ಆಗ ತಾನೇ ಹುಟ್ಟಿದ ಹಂದಿಮರಿಗಳಲ್ಲಿ ಕೆಲವನ್ನು ತಾಯಿಯ ಮೊಲೆಗೆ ಬಿಟ್ಟರು, ಕೆಲವಕ್ಕೆ ನೀರನ್ನಷ್ಟೇ ಕೊಟ್ಟರು. ಕೇವಲ 24 ಗಂಟೆಗಳಲ್ಲಿ ಮೊದಲ ಹಾಲು ಕುಡಿದ ಮರಿಗಳ ಕರುಳಿನ ತೂಕ ಎದ್ದು ಕಾಣುವಷ್ಟು ಹೆಚ್ಚಿತ್ತು. ಹಂದಿಯ ಹೆಸರು ಬಂತೆಂದು ಬೇಸರಪಡಬೇಡಿ. ನವಜಾತ ಶಿಶುವಿನ ಕರುಳನ್ನು ಅರಿಯಲು ಆ ಪ್ರಾಣಿಯ ಕರುಳು ವಿಜ್ಞಾನಿಗಳಿಗೆ ಬಹಳ ನೆರವಾಗಿದೆ. ಮೊದಲ ಹಾಲಿನಲ್ಲಿ ಇರುವ ಯಾವ ಪದಾರ್ಥ ಕೋಶಗಳಿಗೆ ಹೆಚ್ಚಿರಿ ಎಂಬ ಹುಕುಂ ಕೊಡುತ್ತದೆ? ಇಂಥ ಪದಾರ್ಥಗಳು ಹಲವಿವೆ. 1987ರಲ್ಲಿ ಅಮೆರಿಕದ ಹ್ಯೂಸ್ಟನ್ನಿನ ಬುಫೋರ್ಡ್ ನಿಕೋಲ್ಸ್ ಮತ್ತು ಸಂಗಡಿಗರು ಅವುಗಳಲ್ಲಿ ಲ್ಯಾಕ್ಟೊಫೆರಿನ್ ಒಂದು ಎಂದು ಹೇಳಿದರು. ಇಲಿಯ ಕರುಳಿನ ತಗ್ಗುಗಳ ಕೋಶಗಳಿಗೆ ಮನುಷ್ಯರ ಲ್ಯಾಕ್ಟೊಫೆರಿನ್ ಮುಟ್ಟಿಸಿದಾಗ ಅವು ಹೊಸ ಡಿ.ಎನ್.ಎ. ನೇಯತೊಡಗಿದವು. ಕೋಶ ಎರಡಾಗುವ ಮುನ್ನ ಆಗಬೇಕಾದದ್ದೇ ಅದು.

ಹುಕುಂ ಇದ್ದರೆ ಅದನ್ನು ತೆಗೆದುಕೊಳ್ಳುವ ಬಾಗಿಲೂ ಇರಬೇಕು. ಮನುಷ್ಯರ ಕರುಳಿನ ಮೇಲ್ಮೈಯಲ್ಲಿ ಈ ಪ್ರೋಟೀನನ್ನೇ ಗುರುತಿಸಿ ಹಿಡಿಯುವ ಗ್ರಾಹಕಗಳಿವೆ ಎಂಬುದಕ್ಕೆ 1979ರಲ್ಲಿ ಪುರಾವೆ ಸಿಕ್ಕಿತ್ತು. 2001ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಬೋ ಲೊನ್ನರ್‌ಡಾಲ್ ಅವರ ತಂಡ ಆ ಗ್ರಾಹಕದ ಜೀನನ್ನೇ ಹುಡುಕಿ ತೆಗೆಯಿತು. ಹಾಲಿನ ಒಂದು ಪ್ರೋಟೀನಿಗೆ ಕರುಳಿನಲ್ಲಿ ಮೀಸಲಾದ ಬಾಗಿಲು! ಹೊಟ್ಟೆಗೆ ಹೋದದ್ದೆಲ್ಲ ಪುಡಿಯಾಗಿ ಅರಗುತ್ತದೆ, ಅಷ್ಟೇ ಎಂದು ನಮ್ಮ ಕಾಲದ ಪಠ್ಯಪುಸ್ತಕಗಳಲ್ಲಿ ಓದಿದವರಿಗೆ ಇದು ಹೊಸ ಮಾತು. ಕೂಸಿನ ಹೊಟ್ಟೆಯಲ್ಲಿ ಆಮ್ಲ ಇನ್ನೂ ಮೃದುವಾಗಿರುವುದರಿಂದ ಲ್ಯಾಕ್ಟೊಫೆರಿನ್ನಿನ ಒಂದು ಪಾಲು ಅರಗದೆ ಇಡಿಯಾಗಿ ಕರುಳನ್ನು ಮುಟ್ಟುತ್ತದೆ.

ಇನ್ನು 2007ರ ಪ್ರಯೋಗಕ್ಕೆ ಬರೋಣ. ಇಟಲಿಯ ನೇಪಲ್ಸ್ ನಗರದ ಬುಚ್ಚಿಗ್ರೋಸಿ ಮತ್ತು ಸಂಗಡಿಗರು ಪ್ರಯೋಗಾಲಯದಲ್ಲಿ ಬೆಳೆಸಿದ ಮನುಷ್ಯರ ಕರುಳಿನ ಕೋಶಗಳನ್ನು ತೆಗೆದುಕೊಂಡರು. ‘ಕಾಕೊ-2’ ಎಂಬ ಹೆಸರಿನ ಈ ಕೋಶಗಳು ಮೂಲತಃ ದೊಡ್ಡಕರುಳಿನ ಕ್ಯಾನ್ಸರ್ ಗಡ್ಡೆಯಿಂದ ಬಂದವು. ಆದರೆ ಗಾಜಿನ ತಟ್ಟೆಯಲ್ಲಿ ಬೆಳೆದಾಗ ಸಣ್ಣಕರುಳಿನ ಕೋಶಗಳಂತೆ ನಡೆದುಕೊಳ್ಳುತ್ತವೆ. ಅವಕ್ಕೆ ಲ್ಯಾಕ್ಟೊಫೆರಿನ್ನನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟಾಗ ಕೋಶಗಳು ಒಡೆದು ಸಂಖ್ಯೆಯಲ್ಲಿ ಹೆಚ್ಚಿದವು. ಅದನ್ನೇ ಕಡಿಮೆ ಪ್ರಮಾಣದಲ್ಲಿ ಕೊಟ್ಟಾಗ ಕಸುಬಿಗೆ ಇಳಿದವು, ಲ್ಯಾಕ್ಟೇಸ್ ಮತ್ತು ಸುಕ್ರೇಸ್ ಕಿಣ್ವಗಳ ಚಟುವಟಿಕೆ ಏರಿತು. ಒಂದೇ ಪ್ರೋಟೀನು, ಎರಡು ಹುಕುಂ, ವ್ಯತ್ಯಾಸ ಪ್ರಮಾಣದಲ್ಲಿ.

ಈಗ ಇದನ್ನು ತಾಯಿಯ ಹಾಲಿನ ಪಕ್ಕದಲ್ಲಿ ಇಟ್ಟು ನೋಡಿ. ಮೊದಲ ದಿನಗಳ ಹಳದಿ ಹಾಲಿನಲ್ಲಿ ಲ್ಯಾಕ್ಟೊಫೆರಿನ್ ಲೀಟರಿಗೆ ಸುಮಾರು 5ರಿಂದ 7 ಗ್ರಾಂ ಇರುತ್ತದೆ. ವಾರಗಳು ಕಳೆದು ಹಾಲು ಬೆಳ್ಳಗಾದಾಗ 1ರಿಂದ 3 ಗ್ರಾಂಗೆ ಇಳಿಯುತ್ತದೆ. ಕೂಸಿನ ಕರುಳಿಗೂ ಬೇಕಾದದ್ದು ಇದೇ ಕ್ರಮ: ಮೊದಲು ಗೋಡೆ ಎದ್ದು ನಿಲ್ಲಬೇಕು, ಆಮೇಲೆ ಆ ಗೋಡೆ ಅರಗಿಸುವ ಕೆಲಸ ಕಲಿಯಬೇಕು. ಗಾಜಿನ ತಟ್ಟೆಯಲ್ಲಿ ಕಂಡದ್ದೆಲ್ಲ ಕೂಸಿನ ಹೊಟ್ಟೆಯಲ್ಲಿ ಹಾಗೆಯೇ ನಡೆಯುತ್ತದೆ ಎಂದು ಹೇಳಲು ಬರುವುದಿಲ್ಲ, ನಿಜ. ಆದರೂ ಈ ಹೊಂದಾಣಿಕೆಯನ್ನು ನೋಡಿ ಸುಮ್ಮನೆ ಮುಂದೆ ಹೋಗಲು ನನಗಂತೂ ಆಗುವುದಿಲ್ಲ. ಮೂರು ದಿನ ಹಿಂಡಿ ಚೆಲ್ಲಿದ ಹಾಲು ಅತಿ ಹೆಚ್ಚು ಲ್ಯಾಕ್ಟೊಫೆರಿನ್ ಇದ್ದ ಹಾಲು.

ಎಮ್ಮೆಯ ಗಿಣ್ಣ ತಿಂದರೆ ಆ ಲಾಭ ಸಿಗುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲ್ಲ. ದನದ ಮೊದಲ ಹಾಲಿನಲ್ಲಿ ತುಂಬಿರುವುದು ಮುಖ್ಯವಾಗಿ ಪ್ರತಿಕಾಯಗಳು. ಮನುಷ್ಯರ ಕೂಸು ಗರ್ಭದಲ್ಲಿದ್ದಾಗಲೇ ತಾಯಿಯಿಂದ ಒಂದಿಷ್ಟು ಪ್ರತಿಕಾಯಗಳನ್ನು ಪಡೆದು ಹುಟ್ಟುತ್ತದೆ, ಕರು ಹಾಗೆ ಪಡೆಯುವುದಿಲ್ಲ. ಅದಕ್ಕೆ ಎಲ್ಲವೂ ಮೊದಲ ಕೆಲವು ಗಂಟೆಗಳ ಗಿಣ್ಣದ ಹಾಲಿನಿಂದಲೇ ಬರಬೇಕು. ಹೆಪ್ಪು ಹಾಕದೆ, ಬರೀ ಹಬೆ ಕೊಟ್ಟರೆ ಗಿಣ್ಣ ಗಟ್ಟಿಯಾಗುವುದು ಏಕೆಂದು ಯೋಚಿಸಿದ್ದೀರಾ? ಈ ಪ್ರತಿಕಾಯಗಳೂ ತಿಳಿನೀರಿನ ಇತರ ಪ್ರೋಟೀನುಗಳೂ ಶಾಖಕ್ಕೆ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುವುದರಿಂದ. ಹೆಪ್ಪುಗಟ್ಟಿದ ಮೇಲೆ ಅವು ರುಚಿಯ ಆಹಾರ ಹೌದು, ಕಾವಲುಗಾರರಲ್ಲ. (ಕರುವಿನ ಪಾಲನ್ನು ಕರುವಿಗೆ ಬಿಟ್ಟು ಉಳಿದದ್ದನ್ನು ತಿನ್ನುವುದು ನ್ಯಾಯ ಎಂದು ನಮ್ಮ ರೈತರಿಗೆ ಹೇಳಬೇಕಾಗಿಲ್ಲ.) ಸಾಮಾನ್ಯ ಹಸುವಿನ ಹಾಲಿನಲ್ಲಂತೂ ಲ್ಯಾಕ್ಟೊಫೆರಿನ್ ಲೀಟರಿಗೆ 0.2 ಗ್ರಾಂಗಿಂತಲೂ ಕಡಿಮೆ. ಕುದಿಸಿದರೆ ಅದೂ ಕೆಡುತ್ತದೆ.

ತಾಯಿಹಾಲಿಗೆ ಬದಲಿ ಹುಡುಕುವ ಕೆಲಸದಲ್ಲಿ ನಮ್ಮ ರಾಜ್ಯಕ್ಕೂ ಒಂದು ಸ್ಥಾನವಿದೆ. ಮೈಸೂರಿನ ಚೆಲುವಾಂಬ ವಿಲಾಸ ಅರಮನೆಯಲ್ಲಿ 1950ರಲ್ಲಿ ಆರಂಭವಾದ ಸಿ.ಎಫ್.ಟಿ.ಆರ್.ಐ. ಸಂಸ್ಥೆ, ಡಾ. ವಿ. ಸುಬ್ರಹ್ಮಣ್ಯನ್ ಅವರ ನಿರ್ದೇಶನದಲ್ಲಿ, ಎಮ್ಮೆ ಹಾಲಿನಿಂದ ಶಿಶು ಆಹಾರದ ಪುಡಿ ತಯಾರಿಸುವ ವಿಧಾನ ಕಂಡುಹಿಡಿಯಿತು. ಎಮ್ಮೆ ಹಾಲಿನಿಂದ ಕೂಸಿನ ಪುಡಿ ಆಗದು ಎಂದು ವಿದೇಶಿ ತಜ್ಞರು ತಿಳಿದಿದ್ದ ಕಾಲ ಅದು. ಎಮ್ಮೆ ಹಾಲಿನಲ್ಲಿ ಕೇಸೀನ್ ಎಂಬ ಪ್ರೋಟೀನು ಹೆಚ್ಚು, ಅದು ಕೂಸಿನ ಹೊಟ್ಟೆಯಲ್ಲಿ ಗಟ್ಟಿ ಮೊಸರಿನ ಗಡ್ಡೆಯಾಗುತ್ತದೆ. ಆ ಗಡ್ಡೆಯನ್ನು ಮೃದುಗೊಳಿಸುವುದೇ ಮೈಸೂರಿನವರ ಮುಂದಿದ್ದ ಸವಾಲು. ಗುಜರಾತಿನ ಆಣಂದದ ಅಮುಲ್ ಸಹಕಾರಿ ಸಂಘ ಅದೇ ವಿಧಾನದಿಂದ ಪುಡಿ ತಯಾರಿಸಿತು. ತಾಯಿ ಇಲ್ಲದ ಎಷ್ಟೋ ಕೂಸುಗಳಿಗೆ ಅದು ಆಸರೆಯಾಯಿತು, ವಿದೇಶಿ ಡಬ್ಬಿಗಳ ಮೇಲಿನ ಅವಲಂಬನೆಯೂ ತಗ್ಗಿತು. ಕೇಸೀನಿನ ಗಡ್ಡೆಯ ಸಮಸ್ಯೆ ಬಗೆಹರಿದರೂ ಲ್ಯಾಕ್ಟೊಫೆರಿನ್ನಿನ ಕೊರತೆ ತುಂಬಲಿಲ್ಲ; ಅದರ ಪ್ರಾಮುಖ್ಯ ಆಗ ಜಗತ್ತಿಗೇ ತಿಳಿದಿರಲಿಲ್ಲ. ಜಪಾನಿನ ಮೊರಿನಾಗಾ ಕಂಪನಿ ಹಸುವಿನ ಲ್ಯಾಕ್ಟೊಫೆರಿನ್ ಬೆರೆಸಿದ ಶಿಶುಪುಡಿಯನ್ನು ಮಾರುಕಟ್ಟೆಗೆ ತಂದದ್ದು 1986ರಲ್ಲಿ.

ಹಾಗಾದರೆ ಆ ಪ್ರೋಟೀನನ್ನು ಔಷಧದಂತೆ ಕೊಟ್ಟರೆ? 2009ರಲ್ಲಿ ಇಟಲಿಯ 11 ಆಸ್ಪತ್ರೆಗಳಲ್ಲಿ ಅತಿ ಕಡಿಮೆ ತೂಕದ 472 ಕೂಸುಗಳ ಮೇಲೆ ನಡೆದ ಪ್ರಯೋಗ ದೊಡ್ಡ ಆಸೆ ಹುಟ್ಟಿಸಿತು. ಹಸುವಿನ ಲ್ಯಾಕ್ಟೊಫೆರಿನ್ ಪಡೆದವರಲ್ಲಿ ರಕ್ತದ ಸೋಂಕು ನೂರಕ್ಕೆ 5.9, ಪಡೆಯದವರಲ್ಲಿ 17.3. ನಮ್ಮ ದೇಶದ ರೋಹ್ತಕ್‌ನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಚಿಕ್ಕ ಪ್ರಯೋಗವೂ ಒಳ್ಳೆಯ ಫಲವನ್ನೇ ಹೇಳಿತು. ಆದರೆ 2019ರಲ್ಲಿ ಬ್ರಿಟನ್ನಿನ 2,203 ಅಕಾಲಿಕ ಶಿಶುಗಳ ಪ್ರಯೋಗದ ಫಲಿತಾಂಶ ಬಂದಾಗ ಲೆಕ್ಕ ಬದಲಾಯಿತು. ಒಂದು ಗುಂಪಿನಲ್ಲಿ ಸೋಂಕು ನೂರಕ್ಕೆ 29, ಇನ್ನೊಂದರಲ್ಲಿ 31. ಎಂದರೆ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ತಾಯಿಹಾಲಿನೊಳಗೆ ನೂರಾರು ಜೊತೆಗಾರರ ನಡುವೆ ಕೆಲಸ ಮಾಡುವ ಪ್ರೋಟೀನನ್ನು ಹಸುವಿನಿಂದ ತೆಗೆದು ಪೊಟ್ಟಣ ಕಟ್ಟಿ ಕೊಟ್ಟರೆ ಅದೇ ಕೆಲಸವಾಗಲಿಲ್ಲ. ದೊಡ್ಡವರ ಶಕ್ತಿಗೆಂದು ‘ಗಿಣ್ಣದ ಪುಡಿ’ಯ ಡಬ್ಬಿಗಳನ್ನು ನೂರಾರು ರೂಪಾಯಿಗೆ ಮಾರುವವರು ನಿಮ್ಮ ಊರಿಗೆ ಬಂದಾಗ ಈ ಅಂಕಿಗಳನ್ನು ನೆನೆದುಕೊಳ್ಳಿ.

ನಮ್ಮ ಸಮಾಜದ ಓದುಗರಿಗಾಗಿ ಇನ್ನೊಂದು ವಿಷಯ ಹೇಳಲೇಬೇಕು. ಕೆಲವು ಮನೆಗಳಲ್ಲಿ ಮೊದಲ ಹಾಲು ತಡೆಯುವುದಕ್ಕೆ ದೀನ್‌ನ ಹೆಸರು ಹೇಳುತ್ತಾರೆ. ಪವಿತ್ರ ಕುರಾನಿನ ಸೂರಾ ಬಕರಾದಲ್ಲಿ (2:233) ಪೂರ್ಣ ಎರಡು ವರ್ಷ ಹಾಲುಣಿಸುವ ಮಾತಿದೆ. ಮೊದಲ ಮೂರು ದಿನ ಬಿಟ್ಟು ಎಂದು ಅಲ್ಲಿಲ್ಲ. ತಹನೀಕ್ ಸುನ್ನತ್ತು ನಿಜ, ಅದು ಮೆತ್ತಗೆ ಮಾಡಿದ ಖರ್ಜೂರದ ಒಂದು ಸವರು ಅಷ್ಟೇ. ಎದೆಹಾಲನ್ನು ತಡೆಹಿಡಿಯಲು ಅದು ಕಾರಣವಾಗಲಾರದು. ಹಾಲಿನಿಂದ ಕೂಸಿನ ಮಾಂಸ ಮೂಳೆಗಳು ಬೆಳೆಯುತ್ತವೆ ಎಂಬ ಕಾರಣಕ್ಕೇ ನಮ್ಮ ಫಿಖ್‌ನಲ್ಲಿ ರಜಾಅತ್, ಅಂದರೆ ಹಾಲಿನ ಸಂಬಂಧಕ್ಕೆ ರಕ್ತಸಂಬಂಧದಷ್ಟು ತೂಕ ಕೊಟ್ಟಿದ್ದಾರೆ. ಆಯತ್‌ಗಳನ್ನು ಪ್ರಯೋಗಾಲಯಕ್ಕೆ ಎಳೆದು ತಂದು ಎಲ್ಲ ಸಂಶೋಧನೆಯೂ ಮೊದಲೇ ಅಲ್ಲಿತ್ತು ಎಂದು ಹೇಳುವ ಬರಹಗಳು ನನಗೆ ಹಿಡಿಸುವುದಿಲ್ಲ. ಆದರೆ ದೀನ್ ಹೇಳದ್ದನ್ನು ಅದರ ಹೆಸರಿಗೆ ಹಚ್ಚುವುದೂ ಸರಿಯಲ್ಲ. ಇಬ್ನ್ ಸೀನಾ ಅವರ ಮಾತು ಒಬ್ಬ ಮಹಾನ್ ಹಕೀಮರ ಅಭಿಪ್ರಾಯ. ಅರಿಸ್ಟಾಟಲ್, ಗ್ಯಾಲೆನ್‌ರಂಥವರ ಮಾತನ್ನೇ ಒರೆಗೆ ಹಚ್ಚಿ ನೋಡಿದ ವಿದ್ವಾಂಸರ ಪರಂಪರೆ ಅವರದು. ಅವರ ಮಾತನ್ನು ಒರೆಗೆ ಹಚ್ಚಿದರೆ ಅವರಿಗೆ ಅಗೌರವವಾಗದು.

ಜೇನಿನ ಬಗ್ಗೆಯೂ ಎಚ್ಚರವಿರಲಿ. ಜೇನಿನಲ್ಲಿ ಕೆಲವೊಮ್ಮೆ ಬೊಟುಲಿಸಂ ರೋಗದ ಬೀಜಕಣಗಳಿರುತ್ತವೆ. ದೊಡ್ಡವರ ಕರುಳಿನಲ್ಲಿ ಅವಕ್ಕೆ ಜಾಗವಿಲ್ಲ, ಎಳೆ ಕರುಳಿನಲ್ಲಿ ಬೆಳೆಯಬಲ್ಲವು. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಕೂಸಿಗೆ ಜೇನು ಬೇಡ ಎಂದು ವೈದ್ಯರು ಹೇಳುತ್ತಾರೆ.

2019–21ರ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಹುಟ್ಟಿದ ಒಂದು ಗಂಟೆಯೊಳಗೆ ತಾಯಿಹಾಲು ಪಡೆದ ಮಕ್ಕಳು ನೂರಕ್ಕೆ ಸುಮಾರು 42 ಮಾತ್ರ. ಹೆರಿಗೆಗಳಲ್ಲಿ ಹೆಚ್ಚಿನವು ಈಗ ದವಾಖಾನೆಯಲ್ಲೇ ಆಗುತ್ತಿರುವಾಗಲೂ ಈ ಸ್ಥಿತಿ. ಹಳೆಯ ನಂಬಿಕೆಯ ಜಾಗದಲ್ಲಿ ಈಗ ಹೊಸ ಕಾರಣಗಳೂ ಬಂದಿವೆ: ಸಿಜೇರಿಯನ್ ಆಗಿದೆ, ತಾಯಿಗೆ ಮಂಪರು, ಹಾಲು ಇಳಿದಿಲ್ಲ, ಡಬ್ಬಿ ತನ್ನಿ. ಮೊದಲ ದಿನ ಬರುವುದು ಕೆಲವೇ ಚಮಚದಷ್ಟು. ಹುಟ್ಟಿದ ದಿನದ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದೂ ಒಂದೆರಡು ಚಮಚದಷ್ಟೇ. ಕೂಸಿಗೆ ಚೀಪಲು ಆಗದಿದ್ದರೆ ಆ ಹಳದಿ ಹನಿಗಳನ್ನು ಶುಚಿಯಾದ ಬಟ್ಟಲಿಗೆ ಕೈಯಿಂದಲೇ ಹಿಂಡಿ ಚಮಚದಲ್ಲಿ ಕುಡಿಸಲು ಬರುತ್ತದೆ. ಕುದಿಸಬಾರದು, ನೀರು ಬೆರೆಸಬಾರದು. ಇದನ್ನು ದವಾಖಾನೆಯ ನರ್ಸಮ್ಮನವರೂ ಊರಿನ ಆಶಾ ಕಾರ್ಯಕರ್ತೆಯರೂ ಮಾಡಿ ತೋರಿಸುತ್ತಾರೆ. ಬಾಣಂತಿಯ ಜೊತೆ ಹೋಗುವ ಅತ್ತೆಯೋ ನಾನಿಯೋ ಮೊದಲ ದಿನವೇ ಅವರನ್ನು ಕೇಳಿದರೆ ಸಾಕು.